ಅನ್ನಕ್ಕಷ್ಟೇ ಬೆಲೆ

ಕೊರಿಯಾದ ಸಾಧಾರಣ ಊಟದ ಮನೆಯಲ್ಲಿ ಪಲ್ಯಕ್ಕೆ ದುಡ್ಡಿಲ್ಲ, ಎರಡನೇ ಸಲ ಕೇಳಿದರೂ ಇಲ್ಲ. ಪ್ರವಾಸಿಗರ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣುವ ಆ ಊಟದ ಹಿಂದಿನ ಕಥೆ ಮತ್ತು ಲೆಕ್ಕ

ಕೊರಿಯಾದ ಸಾಮಾನ್ಯ ಊಟದ ಮನೆಯಲ್ಲಿ ಕೂತರೆ ಮೊದಲು ಬರುವುದು ನಾವು ಕೇಳದೇ ಇದ್ದದ್ದು. ಹೇಳಿದ್ದು ಒಂದು ಸಾರು, ಅದರ ಜೊತೆಗೆ ಬರುವ ಅನ್ನ. ಸಾರು ಇನ್ನೂ ಒಲೆಯ ಮೇಲಿರುವಾಗಲೇ ಅಂಗೈಯಗಲದ ತಟ್ಟೆಗಳು ಒಂದೊಂದಾಗಿ ಮೇಜಿಗೆ ಇಳಿಯತೊಡಗುತ್ತವೆ. ಎಲೆಕೋಸಿನ ಕಿಮ್ಚಿ, ಖಾರ ಹಚ್ಚಿದ ಮೂಲಂಗಿ ಹೋಳು, ಎಳ್ಳೆಣ್ಣೆಯಲ್ಲಿ ಕಲಸಿದ ಪಾಲಕ್, ಸೋಯಾ ಕಾಳಿನ ಉದ್ದನೆಯ ಮೊಳಕೆ, ಸಿಹಿ ಪಾಕದಲ್ಲಿ ಹುರಿದ ಪುಟ್ಟ ಒಣಮೀನು, ಸುರುಳಿ ಸುತ್ತಿ ಕತ್ತರಿಸಿದ ಮೊಟ್ಟೆ, ಹಾಳೆಯಂಥ ಕಡಲಪಾಚಿ. ಮೊದಲ ಸಲ ಹೋದವರಿಗೆ ಗಾಬರಿಯಾಗುವುದು ಸಹಜ. ಇದನ್ನೆಲ್ಲ ಯಾರು ಹೇಳಿದರು, ಬಿಲ್ಲು ಎಷ್ಟಾದೀತು ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ.

ಆ ಲೆಕ್ಕ ಬೇಡ. ಈ ತಟ್ಟೆಗಳಿಗೆ ಬೆಲೆಯಿಲ್ಲ. ಖಾಲಿಯಾದರೆ ಮತ್ತೆ ಕೇಳಬಹುದು, ಅದಕ್ಕೂ ಇಲ್ಲ. ಇವನ್ನೆಲ್ಲ ಒಟ್ಟಾಗಿ ಬಾನ್‌ಚಾನ್ ಎನ್ನುತ್ತಾರೆ. ಅನ್ನ, ಸಾರು, ಬಾನ್‌ಚಾನ್ ಸೇರಿದ ಸಾದಾ ಊಟ ಬೆಕ್‌ಬಾನ್. ಸೋಲ್ ನಗರದಲ್ಲಿ ಕಿಮ್ಚಿ ಸಾರಿನ ಬೆಕ್‌ಬಾನ್‌ಗೆ 2024ರ ಹೊತ್ತಿಗೆ ಸರಾಸರಿ 8,000 ವಾನ್‌ಗಿಂತ ತುಸು ಹೆಚ್ಚು ಕೊಡಬೇಕಿತ್ತು. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿಯ ಆಸುಪಾಸು. ಬೆಂಗಳೂರಿನವರಿಗೆ ಇದು ಅಗ್ಗ ಅನ್ನಿಸದಿರಬಹುದು. ಆದರೆ ಬಿಬಿಂಬಾಪ್ ಎಂಬ ಒಂದು ಬೋಗುಣಿ ಕಲಸನ್ನಕ್ಕೆ ಹತ್ತು ಸಾವಿರ ವಾನ್ ದಾಟಿರುವ, ತಣ್ಣನೆಯ ಶ್ಯಾವಿಗೆಗೆ ಹನ್ನೆರಡು ಸಾವಿರ ಕೇಳುವ ಊರಿನಲ್ಲಿ ಏಳೆಂಟು ಬಗೆಯ ಬಿಸಿ ಊಟಕ್ಕೆ ಇದು ನಿಜಕ್ಕೂ ಕಡಿಮೆ.

ಕೊರಿಯಾದ ಧಾರಾವಾಹಿಗಳನ್ನು ನೋಡಿ ಅಲ್ಲಿಗೆ ವಿಮಾನ ಹತ್ತುವವರ ಪಟ್ಟಿಯಲ್ಲಿ ಕೆಂಪು ಸಾಸಿನ ತೊಕ್‌ಬೊಕ್ಕಿ ಇರುತ್ತದೆ, ಕರಿದ ಕೋಳಿ ಇರುತ್ತದೆ, ಮೇಜಿನ ಮೇಲೆಯೇ ಕೆಂಡದಲ್ಲಿ ಸುಡುವ ಮಾಂಸ ಇರುತ್ತದೆ. ಕೈಯಲ್ಲಿ ಹೆಚ್ಚು ಕಾಸಿದ್ದವರು ಹಾನ್‌ಜೊಂಗ್‌ಶಿಕ್ ಎಂಬ ಭಾರಿ ಭೋಜನಕ್ಕೆ ಹೋಗುತ್ತಾರೆ. ಬೆಕ್‌ಬಾನ್ ಈ ಪಟ್ಟಿಗಳಲ್ಲಿ ಕಾಣುವುದು ಕಡಿಮೆ. ಅದಕ್ಕೆ ಫೋಟೊಗೆ ಬೇಕಾದ ಬಣ್ಣ ಸಾಲದು, ಬಾಗಿಲಲ್ಲಿ ಇಂಗ್ಲಿಷ್ ಫಲಕವೂ ಇರುವುದಿಲ್ಲ. ಆದರೆ ಕಚೇರಿ ಗುಮಾಸ್ತರು, ಟ್ಯಾಕ್ಸಿ ಚಾಲಕರು, ಮಾರುಕಟ್ಟೆಯ ವ್ಯಾಪಾರಿಗಳು ಮಧ್ಯಾಹ್ನ ಹನ್ನೆರಡಕ್ಕೆ ಸಾಲುಗಟ್ಟುವುದು ಇಂಥ ಊಟಕ್ಕೇ.

ಒಂದು ಹೆಸರು, ಹತ್ತು ತಟ್ಟೆ

ಕೊರಿಯಾದ ಊಟದಲ್ಲಿ ಒಂದಾದ ಮೇಲೊಂದು ಬಡಿಸುವ ಪದ್ಧತಿ ಇಲ್ಲ. ಎಲ್ಲವೂ ಒಟ್ಟಿಗೇ ಬರುತ್ತದೆ, ಮೇಜು ತುಂಬುತ್ತದೆ, ಅನ್ನ ನಡುವಿನ ಒಡೆಯ. ಹಳೆಯ ಕ್ರಮದಲ್ಲಿ ಊಟದ ದೊಡ್ಡಸ್ತಿಕೆಯನ್ನು ಅಳೆಯುತ್ತಿದ್ದದ್ದು ಪಲ್ಯದ ತಟ್ಟೆಗಳ ಎಣಿಕೆಯಿಂದ: ಮೂರು, ಐದು, ಏಳು, ಒಂಬತ್ತು. ಅನ್ನ, ಸಾರು, ಕಿಮ್ಚಿ, ನಂಚಿಕೊಳ್ಳುವ ಸೋಯಾ ರಸ ಈ ಎಣಿಕೆಗೆ ಸೇರುತ್ತಿರಲಿಲ್ಲ, ಏಕೆಂದರೆ ಅವು ಇದ್ದೇ ಇರಬೇಕಾದವು. ಹತ್ತೊಂಬತ್ತನೇ ಶತಮಾನದ ಕೊನೆಯ ‘ಶಿಯುಜೊನ್‌ಸೊ’ ಎಂಬ ಅಡುಗೆ ಪುಸ್ತಕದಲ್ಲಿ ಯಾವ ತಟ್ಟೆ ಎಲ್ಲಿರಬೇಕು ಎಂಬ ಚಿತ್ರವೂ ಇದೆ. ಇಂದಿನ ಬೆಕ್‌ಬಾನ್ ಆ ಶ್ರೀಮಂತ ಮನೆಯ ಊಟದ ಬಡ ದಾಯಾದಿ.

ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಉಂಡವರಿಗೆ ಈ ಊಟದ ಮರ್ಜಿ ಬೇಗ ತಿಳಿಯುತ್ತದೆ. ಅಲ್ಲಿ ರೊಟ್ಟಿಯ ಸುತ್ತ ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಸೊಪ್ಪು, ಮೊಸರು ತಾವಾಗಿಯೇ ಬರುತ್ತವೆ. ಅಂದಂದಿನ ಸಂತೆಗೆ ಏನು ಬಂದಿದೆಯೋ ಅದೇ ಆ ದಿನದ ಪಲ್ಯ, ಗಿರಾಕಿ ಆರಿಸುವುದು ಏನೂ ಇಲ್ಲ. ಬೆಕ್‌ಬಾನ್ ಮನೆಯದೂ ಅದೇ ದಾರಿ. ವಸಂತದಲ್ಲಿ ಬೆಟ್ಟದ ಎಳೆ ಸೊಪ್ಪುಗಳು, ಬೇಸಿಗೆಯಲ್ಲಿ ಸೌತೆಕಾಯಿ, ಚಳಿಗಾಲದಲ್ಲಿ ಒಣಗಿಸಿಟ್ಟ ಜರಿಗಿಡದ ಚಿಗುರು ಮತ್ತು ಮೂಲಂಗಿ ಸೊಪ್ಪು.

ಇಷ್ಟೆಲ್ಲ ಪಲ್ಯಗಳ ತಳದಲ್ಲಿರುವುದು ಮೂರೇ ಸಾಮಗ್ರಿ. ಬೇಯಿಸಿ ಕುಟ್ಟಿದ ಸೋಯಾ ಕಾಳನ್ನು ಇಟ್ಟಿಗೆಯಂತೆ ತಟ್ಟಿ, ಹುಲ್ಲಿನ ಹಗ್ಗದಲ್ಲಿ ತೂಗುಹಾಕಿ, ಬೂಷ್ಟು ಹಿಡಿಸಿ, ಆಮೇಲೆ ಉಪ್ಪುನೀರಿನ ಮಣ್ಣಿನ ಗಡಿಗೆಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮೇಲಿನ ಕಪ್ಪು ರಸ ಗಾನ್‌ಜಾಂಗ್, ತಳದ ಗಟ್ಟಿ ಹಿಟ್ಟು ದ್ವೆನ್‌ಜಾಂಗ್. ಮೆಣಸಿನ ಪುಡಿ ಸೇರಿಸಿ ಹುದುಗಿಸಿದರೆ ಗೊಚುಜಾಂಗ್. ಈ ವಿದ್ಯೆಯನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಚಳಿಗಾಲಕ್ಕೆ ಮುನ್ನ ನೆರೆಹೊರೆಯವರೆಲ್ಲ ಕೂಡಿ ಕಿಮ್ಚಿ ಹಾಕುವ ‘ಕಿಮ್‌ಜಾಂಗ್’ 2013ರಲ್ಲೇ ಸೇರಿತ್ತು. ಇಷ್ಟು ಕೆಂಪಾದ ಕಿಮ್ಚಿಗೆ ಮೆಣಸಿನಕಾಯಿ ಬಂದದ್ದು ಮಾತ್ರ ಹದಿನಾರನೇ ಶತಮಾನದ ಕೊನೆಯ ಸುಮಾರಿಗೆ. ಗೋವೆಯಲ್ಲಿ ಇಳಿದು ಬ್ಯಾಡಗಿವರೆಗೆ ಹಬ್ಬಿದ ಅದೇ ಅಮೆರಿಕದ ಕಾಯಿ ಪೋರ್ಚುಗೀಸರ ಹಡಗುಗಳ ದಾರಿ ಹಿಡಿದು ಪೂರ್ವ ಏಷ್ಯಾವನ್ನೂ ಮುಟ್ಟಿತು. ಅದಕ್ಕೆ ಮುಂಚಿನ ಕಿಮ್ಚಿಗೆ ಕೆಂಪು ಬಣ್ಣವಿರಲಿಲ್ಲ.

ತಿನ್ನುವ ರೀತಿಗೂ ನಿಯಮವಿದೆ. ಅನ್ನ ಮತ್ತು ಸಾರಿಗೆ ಉದ್ದ ಹಿಡಿಯ ಚಮಚ, ಪಲ್ಯಕ್ಕೆ ಚಪ್ಪಟೆಯಾದ ಸ್ಟೀಲ್ ಕಡ್ಡಿ. ಜಪಾನಿನಲ್ಲಿ ಬಟ್ಟಲನ್ನು ಎತ್ತಿ ಬಾಯಿಯ ಹತ್ತಿರ ಹಿಡಿಯುತ್ತಾರೆ, ಕೊರಿಯಾದಲ್ಲಿ ಬಟ್ಟಲು ಮೇಜಿನಲ್ಲೇ ಇರಬೇಕು. ಮೇಜಿನ ಹಿರಿಯರು ಚಮಚ ಎತ್ತುವವರೆಗೆ ಕಿರಿಯರು ಕಾಯುತ್ತಾರೆ. ಪಲ್ಯದ ತಟ್ಟೆ ಎಲ್ಲರಿಗೂ ಸೇರಿ ಒಂದೇ, ಯಾರೂ ತಮ್ಮ ಕಡೆಗೆ ಎಳೆದುಕೊಳ್ಳುವುದಿಲ್ಲ.

ಬಟ್ಟಲಿಗೆ ಸರ್ಕಾರದ ಅಳತೆ

ಅನ್ನ ಬರುವುದು ಮುಚ್ಚಳವಿರುವ ಸ್ಟೀಲ್ ಬಟ್ಟಲಿನಲ್ಲಿ. ದೇಶದ ಯಾವ ಊರಿಗೆ ಹೋದರೂ ಅದು ಹೆಚ್ಚುಕಡಿಮೆ ಒಂದೇ ಗಾತ್ರ. ಇದು ಸಂಪ್ರದಾಯದಿಂದ ಬಂದದ್ದಲ್ಲ, ಸರ್ಕಾರದ ಆದೇಶದಿಂದ ಬಂದದ್ದು.

ಕೊರಿಯಾ ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ದೇಶಕ್ಕೆ ಅಕ್ಕಿ ಸಾಲುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಬುಧವಾರ ಮತ್ತು ಶನಿವಾರ ಹಗಲು ಹೊತ್ತು ಹೋಟೆಲುಗಳು ಅನ್ನ ಮಾರದಂತೆ ಕಟ್ಟಳೆ ಬಂತು. ಮಕ್ಕಳ ಡಬ್ಬಿ ತೆರೆಸಿ ಅನ್ನದಲ್ಲಿ ಬಾರ್ಲಿ ಬೆರೆಸಿದ್ದಾರೆಯೇ ಎಂದು ಶಾಲೆಯಲ್ಲಿ ಮೇಷ್ಟರು ಪರೀಕ್ಷಿಸುತ್ತಿದ್ದರು. ಗೋಧಿ ಹಿಟ್ಟಿನ ತಿಂಡಿ ತಿನ್ನಿ ಎಂಬ ಪ್ರಚಾರ ಬೀದಿಬೀದಿಯಲ್ಲಿ ನಡೆಯಿತು. ಇಂದು ಕೊರಿಯಾದ ಹೆಗ್ಗುರುತಾಗಿರುವ ನೂಡಲ್ಸ್ ಚಟಕ್ಕೆ ಆ ಪ್ರಚಾರವೂ ಒಂದು ಕಾರಣ. 1976ರಲ್ಲಿ ಸೋಲ್ ನಗರಾಡಳಿತ ಹೋಟೆಲಿನ ಅನ್ನದ ಬಟ್ಟಲು ಸ್ಟೀಲಿನದೇ ಆಗಿರಬೇಕು, ಅಗಲ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್ ಮೀರಬಾರದು ಎಂದು ಗೊತ್ತುಮಾಡಿತು. ಮುಂದೆ ಈ ಕ್ರಮ ದೇಶಕ್ಕೆಲ್ಲ ಹಬ್ಬಿತು. ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ನೆರವಿನಿಂದ ಬೆಳೆಸಿದ ‘ತೊಂಗಿಲ್’ ತಳಿ ಹೊಲಕ್ಕಿಳಿದ ಮೇಲೆ, 1977ರ ಹೊತ್ತಿಗೆ ಅಕ್ಕಿಯ ಅಭಾವ ನೀಗಿತು.

ಆಮೇಲಿನ ಕಥೆ ತಿರುಗುಮುರುಗು. 1970ರಲ್ಲಿ ಒಬ್ಬ ಕೊರಿಯನ್ ವರ್ಷಕ್ಕೆ 136 ಕಿಲೊ ಅಕ್ಕಿ ಉಣ್ಣುತ್ತಿದ್ದ. 2024ರಲ್ಲಿ ಅದು 56 ಕಿಲೊಗಿಂತ ಕೆಳಗಿಳಿಯಿತು. ಈಗ ಅಲ್ಲಿನ ಸರ್ಕಾರಕ್ಕೆ ಮಿಕ್ಕಿದ ಅಕ್ಕಿಯದೇ ಚಿಂತೆ. ಬಟ್ಟಲು ಮಾತ್ರ ಹಿಗ್ಗಲಿಲ್ಲ, ಬರಬರುತ್ತ ಇನ್ನೂ ಕುಗ್ಗಿತು. ಅನ್ನದ ಬಟ್ಟಲು ಚಿಕ್ಕದಾಗಿ, ಪಲ್ಯದ ತಟ್ಟೆಗಳಿಗೆ ಲಂಗುಲಗಾಮಿಲ್ಲದ ಊಟ ಹೀಗೆ ನಿಂತುಬಿಟ್ಟಿತು. ಎರಡನೇ ಬಟ್ಟಲು ಅನ್ನಕ್ಕೆ ಸಾಮಾನ್ಯವಾಗಿ ಸಾವಿರ ವಾನ್ ಬೇರೆ. ಅನ್ನಕ್ಕೆ ಬೆಲೆ, ಪಲ್ಯಕ್ಕಿಲ್ಲ ಎಂಬುದು ಬರೀ ಮಾತಲ್ಲ, ಬಿಲ್ಲಿನಲ್ಲೇ ಕಾಣುವ ಸತ್ಯ.

ಹೆಂಡದಂಗಡಿಯ ಗೋಡೆಯ ಗೀರು

ದುಡ್ಡು ಕೊಟ್ಟು ಹೊರಗೆ ಉಣ್ಣುವ ಪದ್ಧತಿ ಕೊರಿಯಾದಲ್ಲಿ ಬೆಳೆದದ್ದು ಜೋಸನ್ ರಾಜರ ಕಾಲದ ಜುಮಾಕ್‌ಗಳಲ್ಲಿ. ಕಣಿವೆಯ ಬಾಯಿ, ನದಿಯ ಕಡವು, ಸಂತೆಯ ಅಂಚಿನಲ್ಲಿ ಇದ್ದ ಹುಲ್ಲುಮಾಡಿನ ಮನೆಗಳಿವು. ಪರೀಕ್ಷೆಗೆ ಹೊರಟ ವಿದ್ಯಾರ್ಥಿ, ಬೆನ್ನಿಗೆ ಸರಕು ಹೊತ್ತ ವ್ಯಾಪಾರಿ, ದೋಣಿ ನಡೆಸುವವ, ಎಲ್ಲರೂ ಅಲ್ಲಿ ತಂಗುತ್ತಿದ್ದರು. ಬಿಸಿ ಸಾರಿನಲ್ಲಿ ಅನ್ನ ಮುಳುಗಿಸಿದ ಗುಕ್‌ಬಾಪ್, ಅಕ್ಕಿಯ ಹೆಂಡ ಮಾಕ್ಕೊಲ್ಲಿ, ಇವೆರಡಕ್ಕೆ ದುಡ್ಡು. ಉಂಡವನಿಗೆ ರಾತ್ರಿ ಮಲಗಲು ಬೆಚ್ಚಗಿನ ನೆಲಕ್ಕೆ ಬೇರೆ ಬಾಡಿಗೆ ಇರುತ್ತಿರಲಿಲ್ಲ. ಮುಖ್ಯವಾದ ಒಂದಕ್ಕೆ ಬೆಲೆ ಕಟ್ಟಿ, ಮಿಕ್ಕದ್ದನ್ನು ಬಂದವರ ಮರ್ಯಾದೆಗೆ ಬಿಡುವ ಈ ಬುದ್ಧಿ ಇಂದಿನ ಬಾನ್‌ಚಾನ್‌ನಲ್ಲೂ ಇದೆ.

ಕೊರಿಯಾದ ಆಗ್ನೇಯ ಭಾಗದ ಯೆಚೊನ್ ಜಿಲ್ಲೆಯಲ್ಲಿ, ಮೂರು ಹೊಳೆ ಕೂಡುವ ಜಾಗದಲ್ಲಿ, ಸಾಮ್‌ಗಾಂಗ್ ಜುಮಾಕ್ ಇದೆ. 1900ರ ಸುಮಾರಿಗೆ ಕಟ್ಟಿದ್ದು. ಅದನ್ನು ನಡೆಸುತ್ತಿದ್ದ ಅಜ್ಜಿ 2005ರಲ್ಲಿ ತೀರಿಕೊಂಡರು. ನಿಜವಾದ ಜುಮಾಕ್ ನಡೆಸಿದ ಕೊನೆಯವರು ಅವರೇ ಎನ್ನುತ್ತಾರೆ. ಅಕ್ಷರ ಬಾರದ ಆ ಅಜ್ಜಿ ಸಾಲದ ಲೆಕ್ಕವನ್ನು ಅಡುಗೆಮನೆಯ ಮಣ್ಣಿನ ಗೋಡೆಯ ಮೇಲೆ ಚೂಪಾದ ತುದಿಯಿಂದ ಗೀರಿ ಇಡುತ್ತಿದ್ದರು. ಗಿಡ್ಡ ಗೀರಾದರೆ ಒಂದು ಬಟ್ಟಲು ಹೆಂಡ, ಉದ್ದ ಗೀರಾದರೆ ಒಂದು ಕೆಟಲು, ಸಾಲ ತೀರಿದರೆ ಅಡ್ಡಗೆರೆ. ಮನೆಯನ್ನು ದುರಸ್ತಿ ಮಾಡಿದ ಮೇಲೂ ಆ ಗೋಡೆ ಉಳಿದಿದೆ. ಅಡ್ಡಗೆರೆ ಬೀಳದ ಗೀರುಗಳನ್ನೂ ಈಗ ನೋಡಬಹುದು.

ಸೋಲ್ ನಗರದ ಬಡವರ ಊಟಕ್ಕೆ ಇನ್ನೊಂದು ತವರು ಪಿಮಾಟ್‌ಗೋಲ್. ಜೊಂಗ್ನೊ ಎಂಬ ರಾಜಬೀದಿಯಲ್ಲಿ ಅಧಿಕಾರಿಗಳ ಕುದುರೆ ಬಂದಾಗಲೆಲ್ಲ ಜನಸಾಮಾನ್ಯರು ನೆಲಕ್ಕೆ ಬಾಗಬೇಕಿತ್ತು. ಆ ಕಾಟ ತಪ್ಪಿಸಿಕೊಳ್ಳಲು ಜನ ಹಿಂಬದಿಯ ಓಣಿ ಹಿಡಿದು ನಡೆದರು. ನಡೆಯುವವರು ಹೆಚ್ಚಿದ ಹಾಗೆ ಗುಕ್‌ಬಾಪ್, ಸುಟ್ಟ ಮೀನು, ಹೆಂಡದ ಅಂಗಡಿಗಳು ಅಲ್ಲಿ ಎದ್ದವು. 2000ದ ದಶಕದಲ್ಲಿ ಗಗನಚುಂಬಿಗಳು ಬಂದು ಓಣಿಯ ಬಹುಭಾಗ ಅಳಿಯಿತು. ಉಳಿದ ತುಣುಕುಗಳು ಮತ್ತು 1905ರಲ್ಲಿ ಶುರುವಾದ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಆ ರುಚಿ ಇನ್ನೂ ಜೀವಂತ. ಆ ಮಾರುಕಟ್ಟೆಯಲ್ಲಿ ಹೆಸರುಬೇಳೆಯನ್ನು ಬೀಸುವ ಕಲ್ಲಿನಲ್ಲಿ ಅರೆದು, ಕಣ್ಣೆದುರೇ ಎಣ್ಣೆಯಲ್ಲಿ ಹುಯ್ದು ಕೊಡುವ ಬಿಂದೆತ್ತೊಕ್‌ಗೆ ಜನ ಮುಗಿಬೀಳುತ್ತಾರೆ. ಈಗ ಅದು ಪ್ರವಾಸಿಗರ ಜಾತ್ರೆ, ಹಾಗಾಗಿ ಕೂರುವ ಮೊದಲು ಬೆಲೆ ಕೇಳಿಕೊಳ್ಳುವುದು ಒಳ್ಳೆಯದು.

ಜಿಯೊಂಜುವಿನ ಬೆಳಗು

ಹೊಟ್ಟೆಗಾಗಿಯೇ ಪ್ರವಾಸ ಮಾಡುವವರು ಸೋಲ್ ಬಿಟ್ಟು ನೈಋತ್ಯದ ಜೊಲ್ಲಾ ಪ್ರಾಂತ್ಯಕ್ಕೆ ಇಳಿಯಬೇಕು. ಅತ್ತ ಭತ್ತದ ದೊಡ್ಡ ಬಯಲು, ಇತ್ತ ಉಪ್ಪು-ಮೀನು-ಸಿಗಡಿ ಕೊಡುವ ಪಶ್ಚಿಮದ ಕಡಲು. ಜೊಲ್ಲಾದಲ್ಲಿ ತಟ್ಟೆಗಳ ಸಂಖ್ಯೆ ಹೆಚ್ಚು, ಕಿಮ್ಚಿಯಲ್ಲಿ ಉಪ್ಪಿನಲ್ಲಿ ಹುದುಗಿದ ಮೀನಿನ ಗಾಢತೆಯೂ ಹೆಚ್ಚು. ಆ ಸೀಮೆಯ ಹಳೆಯ ನಗರ ಜಿಯೊಂಜು. ಯುನೆಸ್ಕೊ 2012ರಲ್ಲಿ ಅದನ್ನು ಆಹಾರ ಸಂಸ್ಕೃತಿಯ ನಗರವೆಂದು ಗುರುತಿಸಿತು. ಸೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ವೇಗದ ರೈಲು ಎರಡು ಗಂಟೆಯೊಳಗೆ ತಲುಪಿಸುತ್ತದೆ.

ಅಲ್ಲಿನ ಹೆಸರಾಂತ ಅಗ್ಗದ ಊಟ ಕೊಂಗ್‌ನಾಮುಲ್ ಗುಕ್‌ಬಾಪ್, ಅಂದರೆ ಸೋಯಾ ಮೊಳಕೆಯ ಸಾರನ್ನ. ಊರ ದಕ್ಷಿಣ ದ್ವಾರದ ಪಕ್ಕದ ನಾಂಬು ಮಾರುಕಟ್ಟೆಯಲ್ಲಿ ಬೆಳಗಿನ ಜಾವದಿಂದಲೇ ಇದು ಸಿಗುತ್ತದೆ. ಅಲ್ಲಿನ ಕೈಚಳಕದ ಹೆಸರು ತೊರ್ಯೊಮ್. ಮಣ್ಣಿನ ಬೋಗುಣಿಗೆ ತಣ್ಣಗಿನ ಅನ್ನ ಹಾಕಿ, ಕುದಿಯುವ ಕೊಪ್ಪರಿಗೆಯಿಂದ ಸಾರು ಹುಯ್ದು, ಸೌಟಿನಿಂದ ಅನ್ನವನ್ನು ತಡೆದು ಸಾರನ್ನು ಮತ್ತೆ ಕೊಪ್ಪರಿಗೆಗೇ ಬಸಿಯುತ್ತಾರೆ. ಹೀಗೆ ಐದಾರು ಸಲ. ವಿದ್ಯುತ್ ಕುಕ್ಕರ್ ಇಲ್ಲದ ಕಾಲದಲ್ಲಿ ಬೆಳಗ್ಗೆ ಮಾಡಿದ ಅನ್ನವನ್ನು ಮಧ್ಯಾಹ್ನ ಬಿಸಿ ಮಾಡಲು ಕಂಡುಕೊಂಡ ಉಪಾಯವಿದು. ಅನ್ನದ ಅಗುಳೊಳಗೆ ಸಾರು ಇಳಿಯುತ್ತದೆ, ನಾಲಗೆ ಸುಡದಷ್ಟು ಹದಕ್ಕೆ ಬರುತ್ತದೆ. ಕುಕ್ಕರ್ ಬಂದ ಮೇಲೂ ಬಿಡಲಿಲ್ಲ, ರುಚಿಗಾಗಿ ಉಳಿಸಿಕೊಂಡರು.

ಬೋಗುಣಿಯ ಜೊತೆಗೆ ಪುಟ್ಟ ಬಟ್ಟಲಿನಲ್ಲಿ ಅರೆಬೆಂದ ಮೊಟ್ಟೆ. ಅದಕ್ಕೆ ಎರಡು ಮೂರು ಚಮಚ ಬಿಸಿ ಸಾರು ಹಾಕಿ, ಸುಟ್ಟ ಕಡಲಪಾಚಿ ಮುರಿದು ಸೇರಿಸಿ ಮೊದಲು ಅದನ್ನು ಕುಡಿಯಬೇಕು. ನಾನು ಕಡ್ಡಿಯಲ್ಲಿ ಮೊಟ್ಟೆಯೊಡನೆ ಹೆಣಗುತ್ತಿದ್ದುದನ್ನು ನೋಡಲಾರದೆ ಬಡಿಸುತ್ತಿದ್ದ ಹೆಂಗಸು ಬಂದು, ಒಂದು ಮಾತೂ ಆಡದೆ ಸಾರು ಹಾಕಿ, ಪಾಚಿ ಮುರಿದು, ಕಲಸಿ ಕೈಗಿತ್ತರು. ಪಕ್ಕದ ಮೇಜಿನ ಮುದುಕರು ಹೌದೌದು ಎನ್ನುವಂತೆ ತಲೆಯಾಡಿಸಿದರು. ಇಂಥ ಹೋಟೆಲಿನ ಹೆಂಗಸರನ್ನು ಗಿರಾಕಿಗಳು ‘ಇಮೊ’, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ಹಾಗೆ ಕರೆದರೆ ಸೌಟಿನ ಅಳತೆ ಒಂದಿಷ್ಟು ದೊಡ್ಡದಾಗುತ್ತದೆ ಎಂಬುದು ಅಲ್ಲಿಯವರ ನಂಬಿಕೆ.

ಊಟದ ಜೊತೆ ಬೇಕೆಂದವರಿಗೆ ಮೊಜು ಸಿಗುತ್ತದೆ. ಮಾಕ್ಕೊಲ್ಲಿಗೆ ಶುಂಠಿ, ದಾಲ್ಚಿನ್ನಿ, ಒಣ ಬೋರೆಹಣ್ಣು ಹಾಕಿ ಗಂಟೆಗಟ್ಟಲೆ ಕುದಿಸಿದ, ಅಮಲು ಬಹುಪಾಲು ಆರಿಹೋದ ಕಷಾಯವದು. ಸಂಜೆ ಹೊತ್ತಿಗೆ ಜಿಯೊಂಜುವಿನ ಮಾಕ್ಕೊಲ್ಲಿ ಓಣಿಗಳು ಎಚ್ಚರಗೊಳ್ಳುತ್ತವೆ. ಕೆಟಲಿಗೆ ಬೆಲೆ, ಮೇಜು ತುಂಬುವ ತಿನಿಸು ಅದರ ಜೊತೆಗೇ. ಎರಡನೇ ಕೆಟಲು ಹೇಳಿದರೆ ಇನ್ನೂ ಒಳ್ಳೆಯ ತಿನಿಸು ಹೊರಬರುತ್ತದೆ. ಹೆಸರು ಹರಡಿ ಈಗ ಇಲ್ಲಿ ಬೆಲೆ ಏರಿದೆ, ಬೆಳಗಿನ ಸಾರನ್ನ ಮಾತ್ರ ಇನ್ನೂ ಕೈಗೆಟಕುತ್ತದೆ.

ಬಿಟ್ಟಿ ಪಲ್ಯದ ಲೆಕ್ಕಪತ್ರ

ಹತ್ತು ಬಗೆ ಕೊಟ್ಟು ಐನೂರು ರೂಪಾಯಿ ತೆಗೆದುಕೊಂಡರೆ ಹೋಟೆಲು ನಡೆಯುವುದು ಹೇಗೆ? ಉತ್ತರದ ಒಂದು ಪಾಲು ಹೋಟೆಲಿನ ಗೋಡೆಯ ಮೇಲೇ ಇರುತ್ತದೆ. ಅಕ್ಕಿ, ಮಾಂಸ, ಕಿಮ್ಚಿಯ ಎಲೆಕೋಸು ಮತ್ತು ಮೆಣಸಿನ ಪುಡಿ ಯಾವ ದೇಶದ್ದು ಎಂದು ಫಲಕ ಹಾಕುವುದು ಕೊರಿಯಾದಲ್ಲಿ ಕಾನೂನು. ಅಗ್ಗದ ಹೋಟೆಲುಗಳಲ್ಲಿ ಬಹಳ ಸಲ ‘ಅಕ್ಕಿ: ಸ್ವದೇಶಿ, ಕಿಮ್ಚಿ: ಚೀನಾ’ ಎಂದಿರುತ್ತದೆ. ಕಿಮ್ಚಿಯ ತವರು 2024ರಲ್ಲಿ 3 ಲಕ್ಷ ಟನ್‌ಗೂ ಹೆಚ್ಚು ಕಿಮ್ಚಿಯನ್ನು ಆಮದು ಮಾಡಿಕೊಂಡಿತು, ಬಹುತೇಕ ಎಲ್ಲವೂ ಚೀನಾದಿಂದ. ಸ್ವದೇಶಿ ಎಂದು ಬರೆದುಕೊಂಡ ಹೋಟೆಲು ಆ ಒಂದು ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಸಿರುತ್ತದೆ.

ಇನ್ನೊಂದು ಪಾಲು ದುಡಿಮೆಯದು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ, ಬಡಿಸಲು ನಾದಿನಿಯೋ ಅತ್ತೆಯೋ. ಸಂಬಳದ ಸಾಲೇ ಇಲ್ಲದ ಲೆಕ್ಕಪತ್ರ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅನೇಕರು ಸಣ್ಣ ಹೋಟೆಲು ತೆರೆದರು, ಪೈಪೋಟಿ ಬೆಲೆಯನ್ನು ಕೆಳಗೇ ಹಿಡಿದಿಟ್ಟಿತು. ನೀರು ತಂದುಕೊಳ್ಳುವುದು ಗಿರಾಕಿಯ ಕೆಲಸ. ಚಮಚ-ಕಡ್ಡಿ ಮೇಜಿನ ಪಕ್ಕದ ಸಣ್ಣ ಡ್ರಾಯರಿನಲ್ಲಿರುತ್ತವೆ. ಕೆಲವು ಕಡೆ ಎರಡನೇ ಸಲದ ಬಾನ್‌ಚಾನ್ ಕೂಡ ನಾವೇ ಹೋಗಿ ಹಾಕಿಕೊಳ್ಳಬೇಕು.

ಪಲ್ಯವನ್ನು ಬಿಟ್ಟಿ ಕೊಡುವುದು ನಿಲ್ಲಿಸಬೇಕೆಂದು ಸರ್ಕಾರವೇ ಒಮ್ಮೆ ಹೊರಟಿತ್ತು. 1980ರ ದಶಕದಲ್ಲಿ ಪ್ರತಿ ಪಲ್ಯಕ್ಕೂ ಬೇರೆ ಬೆಲೆ ಇಟ್ಟು, ಬೇಕಾದವರು ಬೇಕಾದಷ್ಟೇ ಹೇಳಲಿ ಎಂಬ ಪದ್ಧತಿ ತಂದರು. ಪೋಲು ತಪ್ಪಿಸುವ ಒಳ್ಳೆಯ ಉದ್ದೇಶವೇ. ಆದರೆ ಜನ ಒಪ್ಪಲಿಲ್ಲ, ಯೋಜನೆ ಮೂಲೆ ಸೇರಿತು. 2010ರ ಶರತ್ಕಾಲದಲ್ಲಿ ಮಳೆಯಿಂದ ಎಲೆಕೋಸಿನ ಬೆಳೆ ಕೆಟ್ಟು ಬೆಲೆ ಗಗನಕ್ಕೇರಿದಾಗ ಹೋಟೆಲಿನವರು ಕಿಮ್ಚಿಯ ಬದಲು ಬೇರೆ ಪಲ್ಯ ಇಟ್ಟರು, ಕೆಲವರು ಎರಡನೇ ತಟ್ಟೆಗೆ ದುಡ್ಡು ಕೇಳಿದರು. ಪತ್ರಿಕೆಗಳು ಅದನ್ನು ರಾಷ್ಟ್ರೀಯ ವಿಪತ್ತಿನಂತೆ ಬರೆದವು. 2024ರಲ್ಲಿ ಸೆಪ್ಟೆಂಬರ್ ಬಿಸಿಲು ಬೆಳೆಯನ್ನು ಸುಟ್ಟಾಗಲೂ ಅದೇ ಕಥೆ.

ಉಳಿಸಿದ ಪಲ್ಯವನ್ನು ಇನ್ನೊಬ್ಬರಿಗೆ ಬಡಿಸುವ ಕೆಟ್ಟ ಚಾಳಿಗೆ 2009ರಿಂದ ಕಾನೂನಿನಲ್ಲೇ ಶಿಕ್ಷೆ ಇದೆ. ಉಳಿದದ್ದನ್ನು ಎಸೆಯುವುದೂ ಪುಕ್ಕಟೆಯಲ್ಲ. ಆಹಾರದ ಕಸವನ್ನು ನೆಲದಲ್ಲಿ ಹೂಳುವುದು 2005ರಿಂದ ನಿಷಿದ್ಧ, 2013ರಿಂದ ಕಸದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ. ಆದ್ದರಿಂದ ಗಿರಾಕಿ ಬಿಟ್ಟುಹೋದ ಪ್ರತಿ ತಟ್ಟೆಗೂ ಹೋಟೆಲಿನವರು ಎರಡು ಸಲ ದುಡ್ಡು ತೆರುತ್ತಾರೆ, ಮಾಡಲು ಒಮ್ಮೆ, ಎಸೆಯಲು ಒಮ್ಮೆ.

ಒಬ್ಬಂಟಿಗೆ ಎಲ್ಲಿ ಊಟ?

ಒಬ್ಬರೇ ತಿರುಗುವವರಿಗೆ ಕೊರಿಯಾದಲ್ಲಿ ಒಂದು ತೊಡಕಿದೆ. ಹತ್ತು ತಟ್ಟೆ ಹರಡುವ ಹೋಟೆಲುಗಳು ‘ಇಬ್ಬರಿಗೆ ಕಡಿಮೆ ಇಲ್ಲ’ ಎಂದು ಬರೆದಿರುತ್ತವೆ. ಒಬ್ಬರಿಗಾಗಿ ಅಷ್ಟೆಲ್ಲ ಇಟ್ಟರೆ ನಷ್ಟ, ಅದು ನ್ಯಾಯವೇ. ದೇಶದ ಮನೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಈಗ ಒಬ್ಬರೇ ಇರುವ ಮನೆಗಳೇ ಆದ್ದರಿಂದ ಈ ನಿಯಮ ನಿಧಾನಕ್ಕೆ ಸಡಿಲಾಗುತ್ತಿದೆ.

ಒಂಟಿ ಪ್ರವಾಸಿಗರಿಗೆ ಭದ್ರವಾದ ಆಸರೆ ಗಿಸಾ ಶಿಕ್‌ದಾಂಗ್, ಚಾಲಕರ ಊಟದ ಮನೆ. ಟ್ಯಾಕ್ಸಿ ನಿಲ್ಲಿಸಲು ಜಾಗ, ಕೂತ ಕೆಲವೇ ನಿಮಿಷದಲ್ಲಿ ಊಟ, ಒಬ್ಬರಿಗೆ ಒಂದು ದೊಡ್ಡ ಹರಿವಾಣದಲ್ಲಿ ಎಲ್ಲವೂ. ಚಾಲಕರು ದಿನವೂ ಒಂಟಿಯಾಗಿ ಉಣ್ಣುವವರಾದ್ದರಿಂದ ಇಲ್ಲಿ ‘ಎಷ್ಟು ಜನ’ ಎಂದು ಕೇಳುವವರಿಲ್ಲ. ಸೋಲ್‌ನ ಸೊಂಗ್‌ಬುಕ್, ಯೊನ್ನಾಮ್ ಬಡಾವಣೆಗಳು ಇದಕ್ಕೆ ಹೆಸರಾಗಿವೆ. ಊಟ ಮುಗಿಸಿ ಹೊರಡುವಾಗ ಬಾಗಿಲ ಬಳಿ ಪುಟ್ಟ ಕಾಫಿ ಯಂತ್ರ ಇರುತ್ತದೆ, ಹಾಲುಪುಡಿ, ಸಕ್ಕರೆ ಎಲ್ಲ ಬೆರೆತ ಸಿಹಿ ಕಾಫಿ. ಬಹಳ ಕಡೆ ಅದಕ್ಕೂ ದುಡ್ಡಿಲ್ಲ. ಇದೇ ಮಾದರಿಯ ಒಂದು ಹೋಟೆಲು 2024ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದು ಹರಿವಾಣಕ್ಕೆ ಮೂವತ್ತು ಡಾಲರಿಗೂ ಹೆಚ್ಚು ಬೆಲೆ ಇಟ್ಟಿತು. ಸೋಲ್‌ನ ಚಾಲಕ ಕೇಳಿದರೆ ನಕ್ಕಾನು.

ಅಗ್ಗದ ಜಾಗ ಹುಡುಕಲು ಇನ್ನೊಂದು ಗುರುತು ಇದೆ. ಬೆಲೆ ಏರಿಸದೆ ಶುಚಿಯಾಗಿ ನಡೆಸುವ ಅಂಗಡಿಗಳಿಗೆ ಅಲ್ಲಿನ ಸರ್ಕಾರ 2011ರಿಂದ ‘ಛಾಕ್‌ಹಾನ್ ಗಾಗ್ಯೊಕ್’, ಒಳ್ಳೆಯ ಬೆಲೆಯ ಅಂಗಡಿ, ಎಂಬ ಬಿರುದಿನ ಫಲಕ ಕೊಡುತ್ತಿದೆ. ಕಾಮಿಕ್ಸ್ ಕಲಾವಿದ ಹೊ ಯೊಂಗ್‌ಮಾನ್ 2019ರಿಂದ ಊರೂರು ತಿರುಗಿ ಬೆಕ್‌ಬಾನ್ ಉಣ್ಣುವ ಟಿವಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದಾರೆ. ಅವರು ಉಂಡುಹೋದ ಮನೆಗಳ ಗೋಡೆಯಲ್ಲಿ ಫೋಟೊ ತೂಗುತ್ತಿರುತ್ತದೆ, ಬಾಗಿಲಲ್ಲಿ ಸಾಲೂ ಇರುತ್ತದೆ. ಸಾಲು ಬೇಡವೆನ್ನುವವರು ಹನ್ನೊಂದೂವರೆಗೇ ಹೋಗಿ ಕೂರುವುದು ಮೇಲು.

ಸಸ್ಯಾಹಾರಿಗಳು ಏನು ಮಾಡಬೇಕು?

ನಮ್ಮಲ್ಲಿನ ಅನೇಕರಿಗೆ ಇದೇ ಮೊದಲ ಪ್ರಶ್ನೆ. ಬೆಕ್‌ಬಾನ್ ಮೇಜಿನ ಮುಕ್ಕಾಲು ಪಾಲು ಸೊಪ್ಪು ತರಕಾರಿಯೇ. ಆದರೆ ನೋಡಲು ಹಸಿರಾಗಿದ್ದುದೆಲ್ಲ ಸಸ್ಯಾಹಾರವಲ್ಲ. ಕಿಮ್ಚಿಯಲ್ಲಿ ಮೀನಿನ ರಸವೋ ಹುದುಗಿದ ಸಿಗಡಿಯೋ ಇರುತ್ತದೆ. ಸೋಯಾ ಸಾರಿನ ತಳದಲ್ಲಿ ಸಾಮಾನ್ಯವಾಗಿ ಒಣಮೀನಿನ ತಿಳಿ. ಜಿಯೊಂಜುವಿನ ಮೊಳಕೆ ಸಾರಿಗೂ ಇದೇ ಮಾತು. ‘ಗೋಗಿ ಪ್ಪೆ ಜುಸೆಯೊ’, ಅಂದರೆ ಮಾಂಸ ಬಿಡಿ, ಎಂದರೆ ಮಾಂಸವನ್ನಷ್ಟೇ ಬಿಡುತ್ತಾರೆ, ಮೀನು ಅಲ್ಲಿ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ.

ಕಟ್ಟುನಿಟ್ಟಿನವರಿಗೆ ದಾರಿ ತೋರುವವರು ಬೌದ್ಧ ಭಿಕ್ಷುಗಳು. ಕೊರಿಯಾದ ದೇವಾಲಯದ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಗಿಡಗಳೂ ಇಲ್ಲ. ನಿಷಿದ್ಧವಾದ ಐದು ಘಾಟು ಪದಾರ್ಥಗಳಲ್ಲಿ ಐದನೆಯದು ಇಂಗು. ಕೊರಿಯಾದಲ್ಲಿ ಬೆಳೆಯದ, ಅಲ್ಲಿನ ಅಡುಗೆಮನೆ ಕಾಣದ ಇಂಗು ಬೌದ್ಧ ಗ್ರಂಥಗಳ ಜೊತೆ ಅಲ್ಲಿನ ನಿಷೇಧದ ಪಟ್ಟಿ ಸೇರಿತು. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನದವರ ಸಾರಿಗೆ ಜೀವ ಕೊಡುವುದೇ ಇಂಗು. ಬೆಕ್‌ಯಾಂಗ್‌ಸಾ ವಿಹಾರದ ಭಿಕ್ಷುಣಿ ಜೊಂಗ್ ಕ್ವಾನ್ 2017ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೊಂದರಲ್ಲಿ ಕಾಣಿಸಿಕೊಂಡ ಮೇಲೆ ಈ ಅಡುಗೆ ಲೋಕಕ್ಕೆ ಪರಿಚಯವಾಯಿತು. ನಗರದಲ್ಲಿ ಇದೇ ಊಟ ದುಬಾರಿ. ಆದರೆ 2002ರ ವಿಶ್ವಕಪ್ ಫುಟ್‌ಬಾಲಿನ ಹೊತ್ತಿಗೆ ಶುರುವಾದ ವಿಹಾರ-ವಾಸ್ತವ್ಯ ಯೋಜನೆಯಲ್ಲಿ ತಂಗಿದರೆ ಊಟ ಅದರಲ್ಲೇ ಸೇರಿರುತ್ತದೆ. ವಿಹಾರಗಳಿರುವ ಬೆಟ್ಟಗಳ ಬುಡದಲ್ಲಿ ಸಾಂಛೆ ಬಿಬಿಂಬಾಪ್, ಅಂದರೆ ಕಾಡುಸೊಪ್ಪಿನ ಕಲಸನ್ನ, ಮಾರುವ ಸಾಲು ಹೋಟೆಲುಗಳೂ ಇರುತ್ತವೆ. ಮೊಟ್ಟೆ ಬೇಡ ಎಂದು ಹೇಳಿ, ಜೊತೆಗೆ ಬರುವ ಕಿಮ್ಚಿ, ಸಾರು ಬಿಟ್ಟು ಉಣ್ಣಬೇಕು.

ದುಡ್ಡು ಕೊಡುವುದು ಹೊರಡುವಾಗ, ಗಲ್ಲಾದ ಬಳಿ. ಫಲಕದಲ್ಲಿದ್ದ ಬೆಲೆಯೇ ಕೊನೆಯ ಬೆಲೆ, ತೆರಿಗೆ ಅದರೊಳಗೇ. ಟಿಪ್ಸ್ ಕೊಡುವ ವಾಡಿಕೆ ಇಲ್ಲ. ಮೇಜಿನ ಮೇಲೆ ಬಿಟ್ಟುಬಂದರೆ ಮರೆತುಹೋಯಿತೆಂದು ಹಿಂದೆಯೇ ಓಡಿಬರುತ್ತಾರೆ. ಹೆಚ್ಚು ಬೇಕಾದಾಗ ಖಾಲಿ ತಟ್ಟೆ ತೋರಿಸಿ ‘ಇಗೊ ಚೊಮ್ ದೊ ಜುಸೆಯೊ’ ಎಂದರೆ ಸಾಕು, ಇದನ್ನು ಇನ್ನೊಂದಿಷ್ಟು ಕೊಡಿ ಎಂದರ್ಥ. ಹೊರಡುವಾಗ ‘ಜಾಲ್ ಮೊಗೊಸ್ಸುಮ್ನಿದಾ’, ಚೆನ್ನಾಗಿ ಉಂಡೆ, ಎನ್ನುವುದು ಎಲ್ಲರೂ ಪಾಲಿಸುವ ಮರ್ಯಾದೆ.

ಕೊರಿಯಾಕ್ಕೆ ಹೋಗುವವರಿಗೆ ಹೇಳುವುದಿಷ್ಟೇ. ಒಂದು ಹೊತ್ತಿನ ದುಬಾರಿ ಭೋಜನದ ದುಡ್ಡಿನಲ್ಲಿ ನಾಲ್ಕು ಹೊತ್ತು ಬೆಕ್‌ಬಾನ್ ಉಣ್ಣಬಹುದು, ಆ ನಾಲ್ಕೂ ನಾಲ್ಕು ಬಗೆಯಾಗಿರುತ್ತವೆ. ಪಲ್ಯ ಬಿಟ್ಟಿಯೆಂದು ತಿನ್ನಲಾರದಷ್ಟು ಕೇಳಬೇಡಿ, ಇಷ್ಟವಾದದ್ದನ್ನು ಕೇಳಲು ನಾಚಬೇಡಿ. ತಟ್ಟೆ ಖಾಲಿ ಮಾಡಿ ಏಳಿ. ಸರ್ಕಾರದ ಯೋಜನೆಗೂ ಎಲೆಕೋಸಿನ ಬೆಲೆಗೂ ಬಗ್ಗದೆ ಆ ಬಿಟ್ಟಿ ತಟ್ಟೆಗಳು ಇಂದಿಗೂ ಮೇಜಿಗೆ ಬರುತ್ತಿರುವುದು, ಉಣ್ಣುವವರು ಅಷ್ಟು ಮರ್ಯಾದೆ ಉಳಿಸಿಕೊಂಡದ್ದರಿಂದ.